ದಾವಣಗೆರೆಯಲ್ಲಿ ನೋಡಲು ಏನಿದೆ?

“ನಮ್ಮೂರಾಗೆ ನೋಡಾಕೆ ಏನೈತಿ ಸಾರ್? ಒಂದು ಬೆಣ್ಣೆದೋಸೆ ತಿಂದು ಹಂಪಿಗೋ ಚಿತ್ರದುರ್ಗಕ್ಕೋ ಹೋಗ್ರಿ.”

ದಾವಣಗೆರೆ ರೈಲು ನಿಲ್ದಾಣದಿಂದ ಹೊರಬಂದು ಆಟೊ ಹತ್ತುವ ಹೊಸಬರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಇದು. ಹೇಳುವವರ ದನಿಯಲ್ಲಿ ಬೇಸರವೇನೂ ಇರುವುದಿಲ್ಲ. ವ್ಯಾಪಾರದ ಊರಿನವರು ತಮ್ಮ ಊರನ್ನು ಕೆಲಸದ ಜಾಗವೆಂದು ತಿಳಿಯುತ್ತಾರೆಯೇ ಹೊರತು ನೋಟದ ಜಾಗವೆಂದಲ್ಲ. ಹೀಗಾಗಿ ಮದುವೆಗೋ, ಮಗಳ ಕಾಲೇಜು ಪ್ರವೇಶಕ್ಕೋ, ಆಸ್ಪತ್ರೆಯಲ್ಲಿರುವ ನೆಂಟರನ್ನು ಕಾಣುವುದಕ್ಕೋ ಬಂದವರು ಸಿಕ್ಕ ಅರ್ಧ ದಿನವನ್ನು ಲಾಡ್ಜಿನ ಕೋಣೆಯಲ್ಲಿ ಕಳೆದು ರಾತ್ರಿ ಬಸ್ಸು ಹಿಡಿಯುತ್ತಾರೆ. ಅವರು ಮಲಗಿದ್ದ ಜಾಗದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ನಗರದ ಮನೆಗಳ ನಡುವೆಯೇ, ಎಂಟು ಶತಮಾನಗಳಷ್ಟು ಹಳೆಯ ಒಂದು ಶಿಲಾದೇಗುಲವಿದೆ ಎಂಬುದು ಅವರಿಗೆ ತಿಳಿಯುವುದೇ ಇಲ್ಲ. ಆ ಜಾಗದ ಹೆಸರು ಆನೆಕೊಂಡ.

ದೊಡ್ಡ ನಗರಗಳಿಗೆ ಹೋಗುವವರಿಗಾಗಿ ‘ಎರಡು ದಿನದಲ್ಲಿ ಏನೇನು ನೋಡಬಹುದು’ ಎಂದು ತಿಳಿಸುವ ಕೈಪಿಡಿಗಳಿವೆ. ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್ ನಗರದ ಇಂಥ ಕೈಪಿಡಿಯನ್ನು ತೆರೆದರೆ ಅದರಲ್ಲಿ ಸಾನ್ ಟೆಲ್ಮೊ ಎಂಬ ಹಳೆಯ ಕೇರಿ ಇದ್ದೇ ಇರುತ್ತದೆ. ಒಂದು ಕಾಲಕ್ಕೆ ಅದು ಸಿರಿವಂತರ ನೆಲೆ. 1871ರಲ್ಲಿ ಹಳದಿ ಜ್ವರದ ಮಾರಿ ಬಡಿದಾಗ ಉಳ್ಳವರು ಊರಿನ ಉತ್ತರ ಭಾಗಕ್ಕೆ ಸರಿದರು. ಅವರು ಬಿಟ್ಟ ಮನೆಗಳಲ್ಲಿ ವಲಸೆ ಬಂದ ಬಡವರು ತುಂಬಿಕೊಂಡರು. ಅದೇ ಕೈಪಿಡಿಯಲ್ಲಿ 1858ರಲ್ಲಿ ಆರಂಭವಾದ ಟೊರ್ಟೋನಿ ಎಂಬ ಕಾಫಿ ಅಂಗಡಿಯೂ ಪ್ರೇಕ್ಷಣೀಯ ಸ್ಥಳ. ಅಂದರೆ ಊರು ಎಲ್ಲಿಂದ ಎಲ್ಲಿಗೆ ಸರಿಯಿತು, ಜನ ಎಲ್ಲಿ ಕುಳಿತು ಏನು ತಿಂದರು, ಕುಡಿದರು ಎಂಬುದೂ ಅಲ್ಲಿ ನೋಟದ ಸಂಗತಿಯೇ. ಅದೇ ಕಣ್ಣಿನಿಂದ ದಾವಣಗೆರೆ ಮತ್ತು ಹರಿಹರಗಳನ್ನು ನೋಡಿದರೆ ಒಂದು ದಿನ ಸಾಲದೆನಿಸೀತು.

ಇಲ್ಲಿ ಹೇಳಹೊರಟಿರುವುದು ಅಂಥ ಒಂದು ದಿನದ ತಿರುಗಾಟವನ್ನು. ಬೆಳಿಗ್ಗೆ ಆನೆಕೊಂಡ, ಹೊತ್ತೇರಿದ ಮೇಲೆ ದಾವಣಗೆರೆಯ ಪೇಟೆ, ಸಂಜೆಗೆ ಹರಿಹರ. ಈ ಮೂರನ್ನು ಇದೇ ಅನುಕ್ರಮದಲ್ಲಿ ನೋಡುವುದಕ್ಕೆ ಕಾರಣವಿದೆ. ಮೂರೂ ಸೇರಿ ಒಂದೇ ಕತೆಯನ್ನು ಹೇಳುತ್ತವೆ.

ಹಳ್ಳಿಯೇ ಹಿರಿದು, ನಗರ ಕಿರಿದು

ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರ್ ದೂರದ ದಾವಣಗೆರೆ ಇಂದು ಮಹಾನಗರ ಪಾಲಿಕೆಯಿರುವ ಊರು, ಜಿಲ್ಲಾ ಕೇಂದ್ರ. 1997ರ ಆಗಸ್ಟ್ 15ರಂದು ಹೊಸ ಜಿಲ್ಲೆಯಾಗುವವರೆಗೆ ಇದು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರವಾಗಿತ್ತು. ಇನ್ನೂ ಹಿಂದಕ್ಕೆ ಹೋದರೆ ಊರು ಇನ್ನೂ ಚಿಕ್ಕದಾಗುತ್ತದೆ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಈ ಸೀಮೆಯ ದೊಡ್ಡ ಊರೆಂದರೆ ಬೇತೂರು. ಉಚ್ಚಂಗಿಯ ಪಾಂಡ್ಯರ ಕಾಲದಲ್ಲೂ, ಆ ಮೇಲೆ ದೇವಗಿರಿಯ ಸೇವುಣರ ಕಾಲದಲ್ಲೂ ಆಡಳಿತ ನಡೆದದ್ದು ಅಲ್ಲಿಂದ. ಇಂದು ಬೇತೂರು ದಾವಣಗೆರೆಯ ಪಕ್ಕದ ಒಂದು ಹಳ್ಳಿ. ಅಂದು ದಾವಣಗೆರೆ ಬೇತೂರಿನ ಪಕ್ಕದ ಒಂದು ಹಳ್ಳಿ.

ದಾವಣಗೆರೆ ಎಂಬ ಹೆಸರಿಗೆ ಹಲವು ವಿವರಣೆಗಳಿವೆ. ದನಗಳನ್ನೂ ಕುದುರೆಗಳನ್ನೂ ಸಾಲಾಗಿ ಕಟ್ಟುವ ಹಗ್ಗಕ್ಕೆ ದಾವಣಿ ಎನ್ನುತ್ತಾರಷ್ಟೆ; ದಾವಣಿ ಹೂಡಿದ ಕೆರೆಯೇ ದಾವಣಗೆರೆ ಎಂಬುದು ಒಂದು. ದಂಡು ದಣಿವಾರಿಸಿಕೊಂಡ ಕೆರೆ ಎಂಬುದು ಇನ್ನೊಂದು. ಎರಡರಲ್ಲೂ ಒಂದು ಸಂಗತಿ ಸಮಾನವಾಗಿದೆ. ಇದು ಹಾದುಹೋಗುವವರು ತಂಗುವ ಜಾಗ. ಇಂದಿಗೂ ಅದರ ಸ್ವಭಾವ ಹೆಚ್ಚು ಬದಲಾಗಿಲ್ಲ.

ಆಟೊದವರಿಗೆ ‘ಆನೆಕೊಂಡ’ ಎಂದರೆ ಸಾಕು, ಬಡಾವಣೆಗೆ ತಂದು ಬಿಡುತ್ತಾರೆ. ಅಲ್ಲಿಂದ ದೇವಸ್ಥಾನದ ದಾರಿಯನ್ನು ಯಾರಾದರೂ ತೋರಿಸುತ್ತಾರೆ. ಹಳೆಯ ಗೆಜೆಟಿಯರುಗಳಲ್ಲಿ ಆನೆಕೊಂಡ ದಾವಣಗೆರೆಯಿಂದ ಕೆಲವು ಮೈಲಿ ಆಚೆಗಿನ ಪ್ರತ್ಯೇಕ ಗ್ರಾಮ. ಈಗ ನಗರ ಬೆಳೆದು ಬಂದು ಅದನ್ನು ಒಳಗೆ ಹಾಕಿಕೊಂಡಿದೆ. ಕೊಂಡವೆಂದರೆ ಹೊಂಡ, ಕೊಳ. ಹೆಸರು ಕೇಳಿದಾಗ ಅರಸರ ಆನೆಗಳು ನೀರಿಗಿಳಿಯುತ್ತಿದ್ದ ಕೊಳವೊಂದು ಕಣ್ಣಮುಂದೆ ಬರುವುದು ಸಹಜ.

ಇಲ್ಲಿಯ ಈಶ್ವರ ದೇವಾಲಯ ಚಿಕ್ಕದು. ಹಳೇಬೀಡಿನ ಭವ್ಯತೆಯನ್ನು ನಿರೀಕ್ಷಿಸಿ ಬಂದವರಿಗೆ ನಿರಾಸೆಯಾದೀತು. ಕಲ್ಯಾಣ ಚಾಲುಕ್ಯರ ಶೈಲಿಯ ಈ ಗುಡಿಯನ್ನು ಅಳತೆಯಿಂದ ಅಳೆಯದೆ ಕೆಲಸದ ಅಚ್ಚುಕಟ್ಟಿನಿಂದ ನೋಡಬೇಕು. ಒಳಗೆ ಹೋದಕೂಡಲೇ ದೇವರ ಕಡೆಗೆ ನುಗ್ಗದೆ ನಡುಮಂಟಪದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲಿ. ಆಮೇಲೆ ಕಂಬಗಳನ್ನು, ಬಾಗಿಲುವಾಡವನ್ನು, ಕೊನೆಗೆ ಕತ್ತೆತ್ತಿ ಮಾಳಿಗೆಯ ಕೆತ್ತನೆಯನ್ನು ನೋಡಿ. ಚಾಲುಕ್ಯರ ಶಿಲ್ಪಿಗಳು ಹೊರಗೋಡೆಯಷ್ಟೇ ಮಾಳಿಗೆಯ ಮೇಲೂ ಶ್ರಮ ಹಾಕುತ್ತಿದ್ದರು. ನೆಲದ ಮೇಲೆ ಕುಳಿತವರು ಮೇಲೆ ನೋಡುತ್ತಾರೆಂಬ ಭರವಸೆ ಅವರಿಗಿದ್ದಿರಬೇಕು. ಪುರಾತತ್ತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಈ ಗುಡಿಗೆ ಬರುವ ಪ್ರವಾಸಿಗರು ಕಡಮೆ. ಹಾಗಾಗಿಯೇ ಯಾರ ನೂಕುನುಗ್ಗಲೂ ಇಲ್ಲದೆ ಅರ್ಧ ಗಂಟೆ ಇದ್ದು ಬರಬಹುದು.

ಆನೆಕೊಂಡವನ್ನು ದಾವಣಗೆರೆಯ ಜನ ನೆನೆಯುವುದು ಮುಖ್ಯವಾಗಿ ಶ್ರಾವಣ ಮಾಸದಲ್ಲಿ. ಆಗ ಇಲ್ಲಿಯ ಬಸವೇಶ್ವರನ ಕಾರಣಿಕ ನಡೆಯುತ್ತದೆ. ಕಾರಣಿಕವೆಂದರೆ ದೇವರ ಹೆಸರಿನಲ್ಲಿ ಹೊರಡುವ ಒಂದೇ ಒಂದು ಸಾಲಿನ ಭವಿಷ್ಯವಾಣಿ. ಮೈಲಾರದ ಕಾರಣಿಕ ನಾಡಿಗೆಲ್ಲ ಗೊತ್ತು. ಆನೆಕೊಂಡದ್ದು ಈ ಸೀಮೆಗೆ ಗೊತ್ತು. ನುಡಿ ಒಗಟಿನಂತಿರುತ್ತದೆ. ಅದರಲ್ಲಿ ರೈತ ಮಳೆಯನ್ನು ಹುಡುಕುತ್ತಾನೆ, ದಲಾಲಿ ಮಂಡಿಯವನು ಧಾರಣೆಯನ್ನು ಹುಡುಕುತ್ತಾನೆ, ರಾಜಕೀಯದವರು ಕುರ್ಚಿಯನ್ನು ಹುಡುಕುತ್ತಾರೆ. ಮೆಕ್ಕೆಜೋಳ, ಭತ್ತ, ಹತ್ತಿಗಳ ಧಾರಣೆಯ ಮೇಲೆ ಬದುಕು ನಿಂತಿರುವ ಊರಿಗೆ ಇಂಥ ಒಂದು ಸಾಲು ಎಷ್ಟು ಬೇಕಾದದ್ದೆಂಬುದನ್ನು ಹೊರಗಿನವರು ಊಹಿಸಿಕೊಳ್ಳಬೇಕು. ಶ್ರಾವಣದಲ್ಲಿ ಬಂದರೆ ಕೇಳಲೂಬಹುದು.

ಪೇಟೆ ಹುಟ್ಟಿದ ಬಗೆ

ಆನೆಕೊಂಡದಿಂದ ಹಳೇಪೇಟೆಯ ಕಡೆಗೆ ಬರುವಷ್ಟರಲ್ಲಿ ನೀವು ಐದಾರು ಶತಮಾನ ದಾಟಿರುತ್ತೀರಿ. ದಾವಣಗೆರೆ ಪೇಟೆಯಾಗಿ ತಲೆಯೆತ್ತಿದ್ದು ಹದಿನೆಂಟನೆಯ ಶತಮಾನದಲ್ಲಿ. ಹೈದರ್ ಅಲಿ ಈ ಊರನ್ನು ಅಪ್ಪಾಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಅಪ್ಪಾಜಿ ರಾಮ್ ವರ್ತಕರನ್ನು ಕರೆಸಿ ನೆಲೆಗೊಳಿಸಿದ. ಮಲೆನಾಡಿನ ಅಡಕೆ, ಮೆಣಸು ಕೆಳಗಿಳಿದು ಪೂರ್ವಕ್ಕೆ ಹೋಗುವ ದಾರಿಯಲ್ಲಿ, ಬಯಲುಸೀಮೆಯ ಹತ್ತಿ, ಕಂಬಳಿ, ಧಾನ್ಯಗಳು ಬಂದು ಸೇರುವ ಜಾಗದಲ್ಲಿ ಊರು ಕುಳಿತಿತ್ತು. ಕೋಟೆ ಕಟ್ಟಲು ಬೆಟ್ಟವಿಲ್ಲ, ತೀರ್ಥಯಾತ್ರೆಗೆ ನದಿಯಿಲ್ಲ. ಇದ್ದದ್ದು ದಾರಿ. ಆ ದಾರಿಯೇ ಊರನ್ನು ಬೆಳೆಸಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರೈಲು ಬಂತು. ಹೀಗಾಗಿ ಪೇಟೆಯನ್ನು ನಡೆದೇ ನೋಡಬೇಕು. ಮಂಡಿಪೇಟೆ, ಚಾಮರಾಜಪೇಟೆ, ಬಿನ್ನಿ ಕಂಪನಿ ರಸ್ತೆ ಎಂಬ ಹೆಸರುಗಳಲ್ಲೇ ಊರಿನ ಚರಿತ್ರೆಯ ಅರ್ಧಭಾಗವಿದೆ. ಮಂಡಿಯೆಂದರೆ ದಲಾಲಿ ವ್ಯಾಪಾರ. ಚಾಮರಾಜನೆಂದರೆ ಮೈಸೂರು ಅರಸರು. ಬಿನ್ನಿಯೆಂದರೆ ಬ್ರಿಟಿಷರ ವ್ಯಾಪಾರ. ಈ ಬೀದಿಗಳಲ್ಲಿ ಬೆಳಗಿನ ಹೊತ್ತು ಗೋಣಿಚೀಲ ಹೊತ್ತ ಹಮಾಲರು ದಾರಿ ಕೇಳುತ್ತ ನಡೆಯುತ್ತಾರೆ. ನಿಂತು ಫೋಟೊ ತೆಗೆಯುವವರು ಅವರಿಗೆ ಅಡ್ಡ ಬರಬಾರದು.

ಹಳೇ ದಾವಣಗೆರೆಯ ನಡುವೆ ನಗರದೇವತೆ ದುರ್ಗಾಂಬಿಕೆಯ ಗುಡಿಯಿದೆ. ಊರವರ ಬಾಯಲ್ಲಿ ಆಕೆ ದುಗ್ಗಮ್ಮ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಗೆ ಹೊರಗೆ ನೆಲೆಸಿದ ದಾವಣಗೆರೆಯವರೆಲ್ಲ ಮರಳಿ ಬರುತ್ತಾರೆ. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಜಾತ್ರೆಯ ಹೊತ್ತಿನಲ್ಲಿ ನಗರ ಮತ್ತೆ ಹಳ್ಳಿಯಾಗುತ್ತದೆ.

‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಈ ಊರಿಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಸುತ್ತಲಿನ ಎರೆಭೂಮಿಯಲ್ಲಿ ಹತ್ತಿ ಬೆಳೆಯುತ್ತಿತ್ತು, ರೈಲು ಇತ್ತು, ವರ್ತಕರ ಕೈಯಲ್ಲಿ ಹಣವಿತ್ತು. 1930ರ ದಶಕದಿಂದ ಒಂದೊಂದಾಗಿ ಬಟ್ಟೆ ಗಿರಣಿಗಳು ಎದ್ದವು. ಮಿಲ್ಲಿನ ಸೈರನ್ನಿಗೆ ಊರು ಎದ್ದು ಊರು ಮಲಗುತ್ತಿದ್ದ ಕಾಲ ಅದು. ಕಾರ್ಮಿಕ ಚಳವಳಿಗೂ ದಾವಣಗೆರೆ ಹೆಸರಾಯಿತು. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಈ ವ್ಯಾಪಾರಿ ಊರು 1978, 1983, 1985ರಲ್ಲಿ ಮೂರು ಸಲ ವಿಧಾನಸಭೆಗೆ ಕಳುಹಿಸಿತು. ಆಮೇಲೆ ಹಳೆಯ ಗಿರಣಿಗಳು ಒಂದರ ಹಿಂದೊಂದು ಮುಚ್ಚಿದವು. ಅವುಗಳ ನೆಲ ನಿವೇಶನಗಳಾಯಿತು. ಕೆಲವು ಗಿರಣಿಗಳ ಹೆಸರು ಈಗ ಬಡಾವಣೆಗಳ ಹೆಸರಾಗಿ ಮಾತ್ರ ಉಳಿದಿದೆ.

ಗಿರಣಿಗಳಿಗೆ ಬದಲು ಊರು ಆತುಕೊಂಡದ್ದು ವಿದ್ಯೆಯನ್ನು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 2009ರಲ್ಲಿ ವಿಶ್ವವಿದ್ಯಾಲಯ. ಇಂದು ಹೊಸ ದಾವಣಗೆರೆಯ ಅಗಲ ರಸ್ತೆಗಳಲ್ಲಿ ಕಾಣುವ ಗಿಜಿಗಿಜಿ ವಿದ್ಯಾರ್ಥಿಗಳದ್ದು. ಮಕ್ಕಳೊಡನೆ ಬಂದವರು ಕುಂದವಾಡ ಕೆರೆಯ ದಡಕ್ಕೂ, ಲಾಲ್‌ಬಾಗನ್ನು ನೆನಪಿಸುವ ಗಾಜಿನ ಮನೆಗೂ ಹೋಗಬಹುದು. ಕೆರೆಯ ನೀರು ಊರಿಗೆ ಕುಡಿಯುವ ನೀರು ಎಂಬುದನ್ನು ಮಾತ್ರ ಮರೆಯಬಾರದು.

ದೋಸೆ, ಮಂಡಕ್ಕಿ ಮತ್ತು ನಾಟಕ

ಆಟೊದವರು ಹೇಳಿದ ಬೆಣ್ಣೆದೋಸೆಯನ್ನು ತಿನ್ನದೆ ಹೋಗಬೇಕಾಗಿಲ್ಲ. ಆದರೆ ಅದರ ಹಿಂದಿನ ಕತೆಯನ್ನೂ ಕೇಳಿಕೊಂಡು ತಿಂದರೆ ರುಚಿ ಹೆಚ್ಚು. ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ಹೆಣ್ಣುಮಗಳು 1928ರ ಸುಮಾರಿಗೆ ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಹೊಯ್ದು ಮಾರುತ್ತಿದ್ದರೆಂದೂ, ಮುಂದೆ ಅವರ ಮಕ್ಕಳು ಅಕ್ಕಿಯ ಹಿಟ್ಟಿಗೆ ಬದಲಾಯಿಸಿ ಬೆಣ್ಣೆ ಸೇರಿಸಿದರೆಂದೂ ಊರಿನಲ್ಲಿ ಹೇಳುತ್ತಾರೆ. ಸೌದೆ ಒಲೆ, ದಪ್ಪ ಕಾವಲಿ, ಅಂಗೈಗಿಂತ ತುಸು ಅಗಲದ ದೋಸೆ, ಮೇಲೆ ಬೆಣ್ಣೆ; ಜತೆಗೆ ಅರಿಸಿನ ಹಾಕದ ಬಿಳಿಯ ಆಲೂಗಡ್ಡೆ ಪಲ್ಯ, ತೆಂಗಿನಕಾಯಿ ಚಟ್ನಿ. ಸಾಂಬಾರು ಕೇಳಬೇಡಿ. ‘ನಿಜವಾದ ದಾವಣಗೆರೆ ಬೆಣ್ಣೆದೋಸೆ’ ಎಂಬ ಫಲಕ ಬೆಂಗಳೂರಿನ ಗಲ್ಲಿಗಲ್ಲಿಗಳಲ್ಲಿದೆ. ದಾವಣಗೆರೆಯಲ್ಲಿ ಫಲಕಕ್ಕಿಂತ ಮುಂದೆ ನಿಂತಿರುವ ಜನರನ್ನು ನೋಡಿ ಅಂಗಡಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು.

ದೋಸೆ ಹುಟ್ಟಿದ್ದು ನಾಟಕದ ಥಿಯೇಟರಿನ ಬಳಿ ಎಂಬುದನ್ನು ಗಮನಿಸಿ. ದಾವಣಗೆರೆ ವೃತ್ತಿರಂಗಭೂಮಿಯ ಊರು. ಕಂಪನಿ ನಾಟಕಗಳು ತಿಂಗಳುಗಟ್ಟಲೆ ಕ್ಯಾಂಪ್ ಹಾಕುತ್ತಿದ್ದವು. ಸಂತೆಗೂ ಮಂಡಿಗೂ ಬಂದ ರೈತರು ರಾತ್ರಿ ನಾಟಕ ನೋಡಿ ಬೆಳಗಿನ ಬಂಡಿ ಹೂಡುತ್ತಿದ್ದರು. 2010ರಲ್ಲಿ ತೀರಿಕೊಂಡ ನಟಿ ಚಿಂದೋಡಿ ಲೀಲಾ ಇದೇ ಊರಿನವರು. ಅವರ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ನಾಡನ್ನೆಲ್ಲ ಸುತ್ತಿತು. ಮಂಡಿಯಲ್ಲಿ ಹಣ, ಕೈಯಲ್ಲಿ ಬಿಡುವಿನ ಒಂದು ರಾತ್ರಿ, ನಾಟಕ ಮುಗಿದ ಮೇಲೆ ಹಸಿವು: ದೋಸೆಯೂ ನಾಟಕವೂ ಒಂದೇ ಒಲೆಯಲ್ಲಿ ಬೆಂದವು ಎನ್ನಬಹುದು.

ಆದರೆ ಊರಿನವರ ನಿತ್ಯದ ತಿಂಡಿ ಮಂಡಕ್ಕಿ. ಸಂಜೆಯಾದರೆ ಮಂಡಕ್ಕಿ-ಮೆಣಸಿನಕಾಯಿ ತಿನ್ನದ ಮನೆ ಇಲ್ಲಿ ಕಡಮೆ. ಒಗ್ಗರಣೆ ಮಂಡಕ್ಕಿ, ಖಾರ ಮಂಡಕ್ಕಿ, ನರ್ಗಿಸ್ ಮಂಡಕ್ಕಿ ಎಂದು ಬಗೆಗಳಿವೆ. ಈ ಮಂಡಕ್ಕಿ ತಯಾರಾಗುವ ಕೇರಿಯೇ ಇಲ್ಲಿದೆ. ಅದರ ಹೆಸರು ಮಂಡಕ್ಕಿ ಭಟ್ಟಿ. ಭತ್ತವನ್ನು ನೆನೆಸಿ, ಕಾಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದಾಗ ಅಕ್ಕಿ ಅರಳುತ್ತದೆ. ಕೇಳಲು ಸುಲಭ. ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲುವವರಿಗೆ ಹೊಗೆ ಮತ್ತು ಕಾವು. ಗಂಡಸರು, ಹೆಂಗಸರು ಎಲ್ಲ ದುಡಿಯುವ ಈ ಕೇರಿಯಲ್ಲಿ ಮುಸಲ್ಮಾನ ಕುಟುಂಬಗಳು ಬಹಳ. ನೋಡಬಯಸುವವರು ಮೊದಲು ಅನುಮತಿ ಕೇಳಬೇಕು. ಇದು ಪ್ರದರ್ಶನವಲ್ಲ, ಅವರ ದುಡಿಮೆಯ ಜಾಗ. ಕೇಳಿದರೆ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಬಿಸಿ ಮಂಡಕ್ಕಿ ಒಂದು ಹಿಡಿ ಕೈಗೆ ಹಾಕಿಯೂ ಬಿಡುತ್ತಾರೆ.

ತಿರುಗಣಿ ಕಂಬಗಳ ಊರು

ಮಧ್ಯಾಹ್ನದ ಊಟ ಮುಗಿಸಿ ಹರಿಹರದ ಬಸ್ಸು ಹತ್ತಬಹುದು. ದೂರ ಹದಿನಾಲ್ಕು ಕಿಲೋಮೀಟರಿನ ಆಸುಪಾಸು, ರೈಲೂ ಇದೆ. ದೇವಾಲಯದ ಗರ್ಭಗುಡಿ ಮಧ್ಯಾಹ್ನ ಮುಚ್ಚುವುದರಿಂದ ನಾಲ್ಕು ಗಂಟೆಯ ಮೇಲೆ ತಲುಪುವಂತೆ ಹೊರಟರೆ ಸರಿ. ದಾವಣಗೆರೆಗೆ ದಾರಿ ಹೇಗೋ ಹಾಗೆ ಹರಿಹರಕ್ಕೆ ನದಿ. ದಕ್ಷಿಣದ ಸೂಳೆಕೆರೆಯಿಂದ ಹರಿದುಬರುವ ಹರಿದ್ರಾ ಹಳ್ಳ ಇಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಹೀಗಾಗಿ ಊರಿನ ಹಳೆಯ ಹೆಸರು ಕೂಡಲೂರು.

ಗುಹಾಸುರನೆಂಬ ರಕ್ಕಸ ಹರಿಯಿಂದಾಗಲಿ ಹರನಿಂದಾಗಲಿ ಸಾವು ಬಾರದಂತೆ ವರ ಪಡೆದಿದ್ದನಂತೆ. ಆಗ ಇಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ಕೊಂದರೆಂಬುದು ಸ್ಥಳಪುರಾಣ. ಗರ್ಭಗುಡಿಯ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಒಂದು ಕಡೆ ಜಟೆ, ಇನ್ನೊಂದು ಕಡೆ ಕಿರೀಟ. ಈ ಕಲ್ಪನೆ ಹರಿಹರದಲ್ಲೇ ಹುಟ್ಟಿದ್ದಲ್ಲ. ಬಾದಾಮಿಯ ಆರನೆಯ ಶತಮಾನದ ಗುಹೆಗಳಲ್ಲೂ ಹರಿಹರನ ಶಿಲ್ಪವಿದೆ. ಆದರೆ ಈ ದೇವರ ಹೆಸರನ್ನೇ ಊರಿಗಿಟ್ಟು ಇಷ್ಟು ದೊಡ್ಡ ದೇಗುಲ ಕಟ್ಟಿದ್ದು ಇಲ್ಲಿ.

ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ. ಕಾಲ 1223-24. ಉತ್ತರಕ್ಕೆ ಸೇವುಣರು, ದಕ್ಷಿಣಕ್ಕೆ ಹೊಯ್ಸಳರು. ನಡುವೆ ಈ ನದೀತೀರ. ಗಡಿಯಲ್ಲಿ ಕಾದಾಡುತ್ತಿದ್ದ ದಂಡನಾಯಕನೊಬ್ಬ ಶೈವರಿಗೂ ವೈಷ್ಣವರಿಗೂ ಸಲ್ಲುವ ದೇವರಿಗೆ ಗುಡಿ ಕಟ್ಟಿಸಿದ್ದರಲ್ಲಿ ಭಕ್ತಿಯಷ್ಟೇ ವಿವೇಕವೂ ಇತ್ತೆನಿಸುತ್ತದೆ. 1268ರಲ್ಲಿ ಮೂರನೆಯ ನರಸಿಂಹನ ದಂಡನಾಯಕ ಸೋಮ ಇಲ್ಲಿ ಇನ್ನಷ್ಟು ಕಟ್ಟಡಗಳನ್ನು ಸೇರಿಸಿದ. ಮೈಸೂರು ಬಳಿಯ ಸೋಮನಾಥಪುರವನ್ನು ನಿರ್ಮಿಸಿದವನೂ ಈ ಸೋಮನೇ. ಸೋಮನಾಥಪುರ ನೋಡಿದವರಿಗೆ ಇಲ್ಲಿ ಒಂದು ಅಚ್ಚರಿ ಕಾದಿದೆ. ಅಲ್ಲಿಯ ಹಾಗೆ ಹೊರಗೋಡೆಯ ತುಂಬ ಆನೆ, ಕುದುರೆ, ದೇವತೆಗಳ ಸಾಲುಗಳು ಇಲ್ಲಿಲ್ಲ. ಗೋಡೆ ಸರಳ. ಶಿಲ್ಪಿಯ ಶಕ್ತಿಯೆಲ್ಲ ಸುರಿದಿರುವುದು ಮುಂದಿನ ತೆರೆದ ಸಭಾಮಂಟಪದಲ್ಲಿ, ಅದರ ಕಂಬಗಳಲ್ಲಿ.

ಇವುಗಳಿಗೆ ತಿರುಗಣಿ ಕಂಬಗಳೆಂದು ಹೆಸರು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು. ಗಾಳಿ ಬೆಳಕಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಮೆದುವಾಗಿರುವಾಗಲೇ ಕಲ್ಲನ್ನು ತಿರುಗಿಸುತ್ತ ಉಳಿಯೊಡ್ಡಿ ಕಡೆದು, ಕುಂಬಾರನ ಮಡಕೆಯಂತೆ ದುಂಡಗೆ, ಬಳೆ ಬಳೆಯಾಗಿ ಮಾಡಿದ್ದಾರೆ. ಸಂಜೆಯ ಓರೆ ಬಿಸಿಲು ಮಂಟಪದೊಳಗೆ ಇಳಿದಾಗ ಕಂಬದ ಮೈಮೇಲೆ ಉಂಗುರದ ಗೆರೆಗಳು ಎದ್ದು ಕಾಣುತ್ತವೆ. ಪ್ರತಿ ಗೆರೆಯೂ ಕಲ್ಲು ಒಂದು ಸುತ್ತು ತಿರುಗಿದ ಗುರುತು. ಈ ಹೊತ್ತಿಗೆ ಬನ್ನಿ ಎಂದು ಹೇಳಲು ಇದೂ ಒಂದು ಕಾರಣ. ಅಂಗಳದ ಎತ್ತರದ ದೀಪಸ್ತಂಭಗಳನ್ನೂ, ನಿಲ್ಲಿಸಿರುವ ಶಾಸನದ ಕಲ್ಲುಗಳನ್ನೂ ಬಿಡದೆ ನೋಡಿ. ಹೊಯ್ಸಳರ ಮೇಲೆ ವಿಜಯನಗರದವರೂ ಇಲ್ಲಿಗೆ ದತ್ತಿ ಬಿಟ್ಟಿದ್ದಾರೆ.

ಕಲ್ಲನ್ನು ತಿರುಗಣಿಗೆ ಕೊಟ್ಟ ಊರಿಗೆ ಏಳು ಶತಮಾನಗಳ ಮೇಲೆ ಕಬ್ಬಿಣದ ತಿರುಗಣಿ ಬಂತು. 1941ರಲ್ಲಿ ಇಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಯಾರಿಸುತ್ತಿದ್ದದ್ದು ಲೇತ್ ಯಂತ್ರಗಳನ್ನು. ಲೇತ್ ಎಂದರೆ ತಿರುಗಣಿಯೇ. ಹರಿಹರದ ಲೇತ್ ಇಲ್ಲದ ವರ್ಕ್‌ಶಾಪು ಕನ್ನಡನಾಡಿನಲ್ಲಿ ಕಡಮೆ ಎಂಬಂತೆ ಅವು ಹಬ್ಬಿದವು. ಊರಿನ ಸಾವಿರಾರು ಕುಟುಂಬಗಳ ಅನ್ನ ಅಲ್ಲಿಂದ ಬಂತು. ಈ ಶತಮಾನದ ಆರಂಭದ ಹೊತ್ತಿಗೆ ಕಾರ್ಖಾನೆ ಬಾಗಿಲು ಹಾಕಿತು. ದೇವಾಲಯದ ಕಂಬಗಳ ಕುಶಲಿಗಳೂ, ಕಾರ್ಖಾನೆಯ ಟರ್ನರುಗಳೂ ಒಂದೇ ವಿದ್ಯೆಯವರು ಎಂಬುದು ಹರಿಹರದಲ್ಲಿ ನಿಂತಾಗ ಹೊಳೆಯುವ ಮಾತು. ಮೊದಲನೆಯವರ ಕೆಲಸವನ್ನು ನೋಡಲು ಜನ ದೂರದಿಂದ ಬರುತ್ತಾರೆ. ಎರಡನೆಯವರ ಕೆಲಸ ಯಾವುದೋ ಊರಿನ ಗ್ಯಾರೇಜಿನ ಮೂಲೆಯಲ್ಲಿ ಇನ್ನೂ ತಿರುಗುತ್ತಿರಬಹುದು.

ಬೆಳಕು ಆರುವ ಮುನ್ನ ನದಿಯ ಬಳಿಗೆ ಹೋಗಬೇಕು. 1868ರಲ್ಲಿ ಮುಗಿದ ಕಲ್ಲು ಇಟ್ಟಿಗೆಯ ಹಳೆಯ ಸೇತುವೆಗೆ ಅರವತ್ತು ಅಡಿ ಅಗಲದ 14 ಕಮಾನುಗಳು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ರಾಜಮಾರ್ಗಕ್ಕಾಗಿ ಕಟ್ಟಿದ್ದು. 1956ರಲ್ಲಿ ಕನ್ನಡನಾಡು ಒಂದಾಗುವವರೆಗೆ ನದಿಯ ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬಯಿ ಪ್ರಾಂತ. ಮಾತು ಒಂದೇ, ನೆಂಟಸ್ತಿಕೆ ಒಂದೇ. ಸರ್ಕಾರ ಮಾತ್ರ ಬೇರೆ. ಹರಿ ಮತ್ತು ಹರ ಒಂದಾದ ಊರಿನಲ್ಲಿ ನಾಡು ಎರಡಾಗಿತ್ತು.

ಹೊತ್ತಿರುವವರು ಹರಿಹರದಲ್ಲಿ ಇನ್ನೆರಡು ಜಾಗಗಳನ್ನು ನೋಡಬಹುದು. ಒಂದು, 2019ರಲ್ಲಿ ಕಿರಿಯ ಬಸಿಲಿಕದ ಪದವಿ ಪಡೆದ ಆರೋಗ್ಯಮಾತೆಯ ಚರ್ಚು. ಸೆಪ್ಟೆಂಬರ್ ತಿಂಗಳ ಹಬ್ಬಕ್ಕೆ ಎಲ್ಲ ಜಾತಿಮತದವರೂ ಇಲ್ಲಿ ಸೇರುತ್ತಾರೆ. ಇನ್ನೊಂದು, ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರ ಸಮಾಧಿ. 1938ರಲ್ಲಿ ಇದೇ ಹರಿಹರದಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಕನ್ನಡ ಕಲಿಸುತ್ತ, ನಾಡಿನ ಹಳ್ಳಿಹಳ್ಳಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದ ಅವರು 1997ರಲ್ಲಿ ತೀರಿಕೊಂಡರು.

ಇನ್ನೊಂದು ದಿನವಿದ್ದರೆ

ಹರಿದ್ರಾ ಹಳ್ಳದ ಮೂಲವನ್ನು ಹುಡುಕಿಕೊಂಡು ದಕ್ಷಿಣಕ್ಕೆ ಹೋಗಿ. ದಾವಣಗೆರೆಯಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಸಂತೇಬೆನ್ನೂರು. ಅಲ್ಲಿಯ ಪಾಳೆಯಗಾರ ಹನುಮಪ್ಪ ನಾಯಕ ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿಯ ನಡುವೆ ನೀರಿನಲ್ಲಿ ನಿಂತ ಮಂಟಪವಿದೆ; ದಡದಲ್ಲಿ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆ. ಹಿಂದೂ ಮುಸ್ಲಿಂ ವಾಸ್ತುಶೈಲಿಗಳು ಒಂದೇ ನೀರಿನಲ್ಲಿ ನೆರಳು ಚೆಲ್ಲುವುದನ್ನು ಅಲ್ಲಿ ಕಾಣಬಹುದು. ಅಲ್ಲಿಂದ ಮುಂದೆ ಸೂಳೆಕೆರೆ. ಶಾಂತಿಸಾಗರವೆಂಬುದು ಅದರ ಇನ್ನೊಂದು ಹೆಸರು. ಶಾಂತವ್ವೆ ಎಂಬಾಕೆ ಕಟ್ಟಿಸಿದಳೆಂದು ಐತಿಹ್ಯ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಏರಿ ಹಾಕಿ ಕಡಲಿನಂಥ ನೀರನ್ನು ತಡೆದಿರುವ ಜಾಣ್ಮೆಯನ್ನು ಏರಿಯ ಮೇಲೆ ನಿಂತೇ ನೋಡಬೇಕು. ಕೋಟೆ ಬೇಕೆನ್ನುವವರಿಗೆ ಉತ್ತರದಲ್ಲಿ ಉಚ್ಚಂಗಿದುರ್ಗವಿದೆ. ಬೇತೂರನ್ನು ಆಳಿದ ಪಾಂಡ್ಯರ ಬೆಟ್ಟ ಅದು. ಈಗ ವಿಜಯನಗರ ಜಿಲ್ಲೆಗೆ ಸೇರಿದೆ.

ಬರುವುದಾದರೆ ಮಳೆ ಹಿಂದಾದ ಮೇಲೆ, ದಸರೆಯಿಂದ ಸಂಕ್ರಾಂತಿಯವರೆಗೆ ಬನ್ನಿ. ನದಿಯಲ್ಲಿ ನೀರಿರುತ್ತದೆ, ಬಿಸಿಲು ಕಡುವಾಗಿರುವುದಿಲ್ಲ, ಮೆಕ್ಕೆಜೋಳ ಮಂಡಿಗೆ ಬರುವ ಕಾಲವಾದ್ದರಿಂದ ಪೇಟೆಗೂ ಜೀವ ಬಂದಿರುತ್ತದೆ.

ಕಡೆಯದಾಗಿ ಒಂದು ಮಾತು. ಹರಿಹರದ ದೇಗುಲಕ್ಕೆ ದೇವರ ದೆಸೆಯಿಂದ ಜನ ಬರುತ್ತಾರೆ, ಬರುತ್ತಲೇ ಇರುತ್ತಾರೆ. ಬೆಣ್ಣೆದೋಸೆಗೆ ನಾಲಗೆಯ ಬೆಂಬಲವಿದೆ. ಬೆಂಬಲ ಬೇಕಾಗಿರುವುದು ಆನೆಕೊಂಡಕ್ಕೆ. ಸುತ್ತ ಮನೆಗಳು ಎದ್ದಂತೆಲ್ಲ ಹಳೆಯ ಗುಡಿಯೊಂದು ಕಣ್ಮರೆಯಾಗುವುದು ಯಾರೂ ಕೆಡವುವುದರಿಂದಲ್ಲ. ಯಾರೂ ಕೇಳದೆ ಹೋಗುವುದರಿಂದ. ಕಾವಲುಗಾರನಿಗೆ ದಿನಕ್ಕೆ ನಾಲ್ಕು ಜನ ಕಂಡರೆ ಅಂಗಳ ಸ್ವಚ್ಛವಿರುತ್ತದೆ. ಪಕ್ಕದ ಮನೆಯ ಹುಡುಗನಿಗೆ ನಾಲ್ಕು ಸಲ ದಾರಿ ಕೇಳಿದರೆ ಅಲ್ಲೇನೋ ಇದೆ ಎಂದು ಅವನಿಗೂ ಅನ್ನಿಸುತ್ತದೆ. ಇಂದು ದಾರಿ ತೋರಿಸಿದ ಹುಡುಗನೇ ನಾಳೆ ಆಟೊ ಓಡಿಸುವವನೂ, ಬಡಾವಣೆ ಮಾಡುವವನೂ, ಪಾಲಿಕೆಯ ಸದಸ್ಯನೂ ಆಗಬಹುದಾದವನು.

ಹಾಗಾಗಿ ಮುಂದಿನ ಸಲ ದಾವಣಗೆರೆಯಲ್ಲಿ ಇಳಿದಾಗ ‘ನೋಡಲು ಏನಿದೆ’ ಎಂದು ಕೇಳಬೇಡಿ. “ಆನೆಕೊಂಡದ ಈಶ್ವರ ಗುಡಿಗೆ ಬರ್ತೀರೇನ್ರಿ?” ಎಂದು ಕೇಳಿ. ಒಂದು ಕ್ಷಣ ತಿರುಗಿ ನೋಡಿಯಾರು. ಬೆಣ್ಣೆದೋಸೆ ಎಲ್ಲಿ ಚೆನ್ನಾಗಿರುತ್ತದೆಂಬುದನ್ನು ದಾರಿಯಲ್ಲಿ ಅವರೇ ಹೇಳುತ್ತಾರೆ.